ಇಚಿರೊ ಆಡಿದ ಬ್ಯಾಟ್ ಅಂತ ಹೇಳ್ತಿದ್ದಾರೆ, ನಂಬಬಹುದಾ?

ಮಲೆನಾಡಿಗ_ಸಿಯಾಟಲ್
ಎಲ್ಲರಿಗೂ ನಮಸ್ಕಾರ. ಇಲ್ಲಿ ಬೇಸ್‌ಬಾಲ್ ನೋಡುವವರು ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಬೆಲ್‌ವ್ಯೂ ಹತ್ತಿರ ಒಬ್ಬರು ಜಪಾನಿನ ಆಟಗಾರ ಇಚಿರೊ ಸುಜುಕಿ ಪಂದ್ಯದಲ್ಲಿ ಆಡಿದ ಬ್ಯಾಟ್ ಮಾರುತ್ತಿದ್ದಾರೆ. ಕಪ್ಪು ಮೆರುಗಿನ ಮಿಜುನೊ ಬ್ಯಾಟ್. 2004ರದು ಅನ್ನುತ್ತಾರೆ. ಇಚಿರೊ ಒಂದೇ ಸೀಸನ್‌ನಲ್ಲಿ 262 ಹಿಟ್ ಹೊಡೆದು, ಜಾರ್ಜ್ ಸಿಸ್ಲರ್ ಅವರ 257ರ ಹಳೇ ದಾಖಲೆ ಮುರಿದ ವರ್ಷ ಅದು.

ಹೋಗಿ ಕೈಯಲ್ಲಿ ಹಿಡಿದು ನೋಡಿ ಬಂದೆ. ಹಿಡಿಯ ಹತ್ತಿರ ಅಂಟು ಒಣಗಿ ಗಟ್ಟಿಯಾಗಿದೆ. ಬ್ಯಾರೆಲ್ (ಬ್ಯಾಟಿನ ದಪ್ಪ ಭಾಗ) ಮೇಲೆ ಚೆಂಡು ತಾಗಿದ ಬೂದು ಗುರುತುಗಳಿವೆ. ಹಿಡಿ ಮುಗಿಯುವ ಕಡೆ ಕೂದಲೆಳೆಯಷ್ಟು ಬಿರುಕು. ಲೀಗ್‌ನ ಹಾಲೊಗ್ರಾಂ ಇಲ್ಲ. ಮಾರುವವರೇ ಸಹಿ ಹಾಕಿದ ಪತ್ರ ಕೊಡುತ್ತಾರಂತೆ. 4,500 ಡಾಲರ್ ಕೇಳುತ್ತಿದ್ದಾರೆ. ಈ ಊರಿಗೆ ಬಂದಾಗಿನಿಂದ ನಾನು ಇಲ್ಲಿನ ಮರಿನರ್ಸ್ ತಂಡದ ಅಭಿಮಾನಿ. ಇಚಿರೊ ಬ್ಯಾಟ್ ಮನೆಯಲ್ಲಿ ಇರಬೇಕು ಅಂತ ತುಂಬಾ ಆಸೆ. ಏನು ಮಾಡಲಿ?

ಎಡಗೈ_ಬೌಲರ್
ಹಾಲೊಗ್ರಾಂ ಇಲ್ಲ ಅಂದರೆ ಕೊಳ್ಳಬೇಡಿ. ಅಷ್ಟೇ.

ವಸುಧಾ_ನ್ಯೂಜೆರ್ಸಿ
ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೇಜರ್ ಲೀಗ್‌ನವರದೇ ಒಂದು ದೃಢೀಕರಣ ವ್ಯವಸ್ಥೆ ಇದೆ, 2001ರಲ್ಲಿ ಶುರುವಾಯಿತು. ಪ್ರತಿ ಪಂದ್ಯಕ್ಕೂ ಅವರ ಒಬ್ಬ ಸಾಕ್ಷಿ ಮೈದಾನದ ಪಕ್ಕ ಕೂತಿರುತ್ತಾರೆ. ಹೆಚ್ಚಿನವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಮುರಿದ ಬ್ಯಾಟ್, ಆಟದಿಂದ ಹೊರಬಂದ ಚೆಂಡು, ಬೇಸ್, ಜೆರ್ಸಿ, ಯಾವುದೇ ಇರಲಿ, ಕಣ್ಣೆದುರೇ ಕೈ ಬದಲಾದರೆ ಮಾತ್ರ ಹಾಲೊಗ್ರಾಂ ಅಂಟಿಸುತ್ತಾರೆ. ಒಂದು ಕ್ಷಣ ಕಣ್ಣು ತಪ್ಪಿದರೂ ಅಂಟಿಸುವುದಿಲ್ಲ. ಪ್ರೇಕ್ಷಕರ ಗುಂಪಿನಲ್ಲಿ ಬಿದ್ದ ಹೋಂ ರನ್ ಚೆಂಡಿಗೆ ಸಾಮಾನ್ಯವಾಗಿ ಹಾಲೊಗ್ರಾಂ ಸಿಗದೇ ಇರುವುದು ಅದಕ್ಕೇ. ದೊಡ್ಡ ದಾಖಲೆ ಹತ್ತಿರ ಬಂದಾಗ ಮಾತ್ರ ಮೊದಲೇ ಗುಟ್ಟಾಗಿ ಗುರುತು ಹಾಕಿದ ಚೆಂಡುಗಳನ್ನು ಆಟಕ್ಕೆ ಬಿಡುತ್ತಾರೆ.

ಆ ಹಾಲೊಗ್ರಾಂ ಕೀಳಲು ಹೋದರೆ ಹರಿದುಹೋಗುತ್ತದೆ, ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ. ಅದರ ನಂಬರನ್ನು ಲೀಗ್‌ನ ಜಾಲತಾಣದಲ್ಲಿ ಹಾಕಿದರೆ ಯಾವ ದಿನ, ಯಾವ ಪಂದ್ಯ ಅನ್ನುವುದು ಬರುತ್ತದೆ. ಎಷ್ಟೋ ಸಲ ಯಾವ ಇನಿಂಗ್ಸ್, ಯಾವ ಪಿಚರ್ (ಚೆಂಡು ಎಸೆದವರು) ಅನ್ನುವುದೂ ಇರುತ್ತದೆ.

ಬಯಲುಸೀಮೆ_ಭಟ್ಟ
ವಸುಧಾ ಅವರು ಹೇಳಿದ್ದು ಸರಿ. ಇದು ಎಫ್‌ಬಿಐನವರು ಆಪರೇಷನ್ ಬುಲ್‌ಪೆನ್ ಮಾಡಿ ನಕಲಿ ಬ್ಯಾಟ್ ಮಾಡುವವರನ್ನು ಹಿಡಿದ ಮೇಲೆ ಬಂದದ್ದು.

ವಸುಧಾ_ನ್ಯೂಜೆರ್ಸಿ
ಅಲ್ಲ ಭಟ್ರೇ, ಬುಲ್‌ಪೆನ್ ಮುಖ್ಯವಾಗಿ ನಕಲಿ ಸಹಿಗಳ ಜಾಲದ ಮೇಲೆ ನಡೆದದ್ದು, ದಕ್ಷಿಣ ಕ್ಯಾಲಿಫೋರ್ನಿಯಾ ಕಡೆ. ಆ ಕಾಲದಲ್ಲಿ ಸ್ಯಾನ್ ಡಿಯಾಗೊ ತಂಡದ ಆಟಗಾರ ಟೋನಿ ಗ್ವಿನ್ ತಮ್ಮದೇ ಸ್ಟೇಡಿಯಂ ಅಂಗಡಿಯಲ್ಲಿ ತಮ್ಮ ಹೆಸರಿನ ಸಹಿ ನೋಡಿ "ಇದು ನಾನು ಹಾಕಿದ್ದಲ್ಲ" ಅಂತ ಗುರುತು ಹಿಡಿದರು. ಆಟಗಾರನ ಸ್ವಂತ ತಂಡದ ಅಂಗಡಿಯಲ್ಲೇ ಹೀಗಾದರೆ ಬೇರೆ ಕಡೆ ಕೇಳಬೇಕಾ? ಸಹಿಯ ವಿಷಯದಲ್ಲಿ ಶುರುವಾದ ಎಚ್ಚರಿಕೆ ಆಮೇಲೆ ಬ್ಯಾಟ್, ಜೆರ್ಸಿಗಳಿಗೂ ಹಬ್ಬಿತು.

ಕಾಫಿತೋಟ
ನಾನು ಎಡಗೈ ಅವರ ಮಾತು ಪೂರ್ತಿ ಒಪ್ಪುವುದಿಲ್ಲ. ಹಾಲೊಗ್ರಾಂ ಇಲ್ಲದ ಮಾತ್ರಕ್ಕೆ ನಕಲಿ ಅಂತ ಆಗುವುದಿಲ್ಲ. ಮೊದಲ ವರ್ಷಗಳಲ್ಲಿ ಎಲ್ಲ ಬ್ಯಾಟಿಗೂ ಅಂಟಿಸುತ್ತಿರಲಿಲ್ಲ. ಆಟಗಾರರು ತಾವೇ ಸ್ನೇಹಿತರಿಗೆ, ಎದುರಾಳಿಗಳಿಗೆ, ಬ್ಯಾಟ್ ಬಾಯ್‌ಗಳಿಗೆ ಕೊಟ್ಟ ಬ್ಯಾಟ್‌ಗಳು ಎಷ್ಟೋ ಇವೆ. 1970, 80ರ ದಶಕದ ಬ್ಯಾಟ್‌ಗಂತೂ ಹಾಲೊಗ್ರಾಂ ಇರುವ ಪ್ರಶ್ನೆಯೇ ಇಲ್ಲ. ಹಾಗಂತ ಅವೆಲ್ಲ ಸುಳ್ಳಾ?

ಹಳೇ ಲೂಯಿವಿಲ್ ಸ್ಲಗ್ಗರ್ ಕಂಪನಿಯ ಬ್ಯಾಟ್ ನೋಡುವ ಕ್ರಮವೇ ಬೇರೆ. ನಡುವಿನ ಮುದ್ರೆ ಕಾಲಕಾಲಕ್ಕೆ ಬದಲಾಗಿದೆ, ಅದರಿಂದ ಯಾವ ವರ್ಷಗಳ ನಡುವೆ ಮಾಡಿದ್ದು ಅಂತ ಗೊತ್ತಾಗುತ್ತದೆ. ಮಾಡೆಲ್ ನಂಬರ್, ಉದ್ದ, ತೂಕ ಇವನ್ನು ಕಾರ್ಖಾನೆಯ ಪುಸ್ತಕದ ಜೊತೆ ಹೊಂದಿಸುತ್ತಾರೆ. ಯಾವ ಆಟಗಾರ ಯಾವಾಗ ಎಂಥ ಬ್ಯಾಟ್ ತರಿಸಿಕೊಂಡ ಅನ್ನುವ ಲೆಕ್ಕ ಅವರ ಹತ್ತಿರ ಇದೆ. ಆಟಗಾರರು ಇಷ್ಟವಾದ ಬ್ಯಾಟ್ ಬಿರುಕು ಬಿಟ್ಟರೆ "ಇಂಥದ್ದೇ ಇನ್ನೊಂದು ಮಾಡಿ" ಅಂತ ಕಾರ್ಖಾನೆಗೆ ವಾಪಸ್ ಕಳಿಸುತ್ತಿದ್ದರು. ಕಾರ್ಖಾನೆಯವರು ಅದರ ಬ್ಯಾರೆಲ್ ಮೇಲೆ ಮೇಣದ ಪೆನ್ಸಿಲ್‌ನಲ್ಲಿ ಹೆಸರು, ದಿನಾಂಕ ಬರೆದಿಡುತ್ತಿದ್ದರು. ಆ ಬರಹ ಇರುವ ಬ್ಯಾಟ್ ಸಿಕ್ಕರೆ ಬೇರೆ ಪತ್ರವೇ ಬೇಡ.

ಎಡಗೈ_ಬೌಲರ್
ತೋಟದವರೇ, ನೀವು ಹೇಳುವುದು ಲೂಯಿವಿಲ್ ಬ್ಯಾಟಿನ ಕಥೆ. ಅವರು ಕೇಳಿದ್ದು ಮಿಜುನೊ, 2004. ಆ ಹೊತ್ತಿಗೆ ವ್ಯವಸ್ಥೆ ಬಂದು ಮೂರು ವರ್ಷ ಆಗಿತ್ತು.

ಕಾಫಿತೋಟ
ಬಂದಿತ್ತು ನಿಜ. ಎಲ್ಲ ಬ್ಯಾಟಿಗೂ ಹಾಕುತ್ತಿದ್ದರು ಅಂತ ಯಾರು ಹೇಳಿದ್ದು?

ತುಂಗಾತೀರ
ಇಚಿರೊ ಬ್ಯಾಟ್ ವಿಷಯದಲ್ಲಿ ಒಂದು ವಿಶೇಷ ತೊಡಕು ಇದೆ, ಅದನ್ನು ಯಾರೂ ಹೇಳಲಿಲ್ಲ. ಬಣ್ಣ.

ಈಗ ಎಲ್ಲರೂ ನಂಬುವುದು ಫೋಟೋ ಮ್ಯಾಚ್. ಪಂದ್ಯದ ದಿನ ತೆಗೆದ ದೊಡ್ಡ ಫೋಟೋ ಹುಡುಕಿ, ಬ್ಯಾಟಿನ ಮರದ ಗೆರೆಗಳನ್ನು ಒಂದೊಂದಾಗಿ ಹೋಲಿಸುತ್ತಾರೆ. ಆ್ಯಶ್ ಮರದ ಗೆರೆ ನಮ್ಮ ಬೆರಳಚ್ಚಿದ್ದ ಹಾಗೆ, ಎರಡು ಬ್ಯಾಟ್‌ಗೆ ಒಂದೇ ಥರ ಇರುವುದಿಲ್ಲ. ಆದರೆ ಕಪ್ಪು ಮೆರುಗು ಬಳಿದರೆ ಆ ಗೆರೆಯೇ ಮುಚ್ಚಿಹೋಗುತ್ತದೆ. ಆಗ ಉಳಿಯುವುದು ಗೀರು, ಅಂಟಿನ ಅಂಚು, ಅಕ್ಷರಗಳು ಕೂತ ರೀತಿ, ಇಷ್ಟೇ. ಒಳ್ಳೆ ಬೆಳಕಿನಲ್ಲಿ ತೆಗೆದ ಹತ್ತಿರದ ಫೋಟೋ ಸಿಗಲೇಬೇಕು. ಸಿಕ್ಕರೂ ಆ ಗೀರು ಬಿದ್ದ ಮೇಲೆ ತೆಗೆದದ್ದಾಗಿರಬೇಕು. ಸುಲಭ ಅಲ್ಲ.

ಇನ್ನೊಂದು. ಇಚಿರೊ ಬ್ಯಾಟನ್ನು ಎಸೆದು ಬಿಸಾಡುವ ಆಟಗಾರ ಅಲ್ಲವೇ ಅಲ್ಲ. ತೇವ ತಾಗದ ಹಾಗೆ ವಿಶೇಷ ಪೆಟ್ಟಿಗೆಯಲ್ಲಿ ಇಟ್ಟು ತರುತ್ತಿದ್ದರು. ಆ ವರ್ಷಗಳ ಬ್ಯಾಟ್ ಜಪಾನಿನ ಅಓದಾಮೊ ಮರದ್ದು, ಇಸೊಕಾಜು ಕುಬೊಟ ಅನ್ನುವ ಹೆಸರಾಂತ ಕುಶಲಕರ್ಮಿ ಮಾಡಿಕೊಟ್ಟದ್ದು. ಅಷ್ಟು ಜೋಪಾನ ಮಾಡುವವರ ಬ್ಯಾಟ್ ಹೊರಗೆ ಬರುವುದೇ ಅಪರೂಪ. ಹಾಗಾಗಿ "ನನಗೆ ಹೇಗೆ ಬಂತು" ಅನ್ನುವ ಕಥೆ ಗಟ್ಟಿ ಇರಬೇಕು. ಮಾರುವವರ ಸ್ವಂತ ಪತ್ರದಲ್ಲಿ ಆ ಕಥೆ ಇದೆಯಾ?

ಮಲೆನಾಡಿಗ_ಸಿಯಾಟಲ್
ಪತ್ರದಲ್ಲಿ "ಕ್ಲಬ್‌ಹೌಸ್‌ನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರಿಂದ ಬಂತು" ಅಂತ ಇದೆ. ಹೆಸರಿಲ್ಲ. ಚೆಂಡಿನ ಗುರುತು ನೋಡಿ ಏನಾದರೂ ಹೇಳಬಹುದಾ?

ತುಂಗಾತೀರ
ಸ್ವಲ್ಪ ಹೇಳಬಹುದು. ಆಟಗಾರ ಮುದ್ರೆಯನ್ನು ಯಾವ ಕಡೆ ಇಟ್ಟು ಹಿಡಿಯುತ್ತಾನೆ ಅನ್ನುವುದರ ಮೇಲೆ ಗುರುತುಗಳು ಒಂದು ಬದಿಗೆ ಗುಂಪಾಗಿ ಬೀಳುತ್ತವೆ. ಎಡಗೈ ಬ್ಯಾಟರ್‌ಗೆ ಒಂದು ಬದಿ, ಬಲಗೈಯವರಿಗೆ ಇನ್ನೊಂದು. ಇಚಿರೊ ಎಡಗೈ. ಅವರು ಬ್ಯಾಟ್ ಹಿಡಿದ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿ. ಗುರುತು ಸುತ್ತಲೂ ಒಂದೇ ಸಮ ಹರಡಿದ್ದರೆ ಯಾರೋ ಹಿತ್ತಲಲ್ಲಿ ಹೊಡೆದು ತಂದಿದ್ದಾರೆ ಅಂತ ಅನುಮಾನ ಪಡಬೇಕು. ಬ್ಯಾಟ್ ಸ್ಟ್ಯಾಂಡ್‌ಗೆ ಉಜ್ಜಿ ಆದ ಬಣ್ಣದ ಗೀರು ಇದೆಯಾ ಅದೂ ನೋಡಿ. ಅದು ಡಗೌಟ್‌ನಲ್ಲಿ (ಆಟಗಾರರು ಕೂರುವ ಜಾಗ) ಇಟ್ಟ ಬ್ಯಾಟ್‌ಗೆ ಮಾತ್ರ ಬರುತ್ತದೆ.

ಇನ್ನೂ ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಆಟಗಾರನಿಗೆ ಅಂತ ಕಂಪನಿ ಕಳಿಸಿದ್ದು ಬೇರೆ, ಪಂದ್ಯದಲ್ಲಿ ಆಡಿದ್ದು ಬೇರೆ. ಮರ ಅದೇ, ಮುದ್ರೆ ಅದೇ. ಬೆಲೆ ಮಾತ್ರ ಆಕಾಶ ಭೂಮಿ. ಬರೀ ಕಳಿಸಿದ ಬ್ಯಾಟನ್ನು ಆಡಿದ್ದು ಅಂತ ಮಾರುವುದೇ ಈ ವ್ಯಾಪಾರದ ದೊಡ್ಡ ಮೋಸ.

ಹುಬ್ಬಳ್ಳಿ_ಹುಡುಗ
4,500 ಡಾಲರ್! ಒಂದು ಮರದ ತುಂಡಿಗೆ! ಅದೇ ದುಡ್ಡಲ್ಲಿ ಮಗುವನ್ನು ಒಂದು ಸೀಸನ್ ಪೂರ್ತಿ ಪಂದ್ಯಕ್ಕೆ ಕರೆದುಕೊಂಡು ಹೋಗಬಹುದು. ಆಟ ನೋಡಿ ಖುಷಿ ಪಡಬೇಕು, ಆಟಗಾರನ ಬೆವರು ಕೂಡಿಡಬಾರದು.

ವಸುಧಾ_ನ್ಯೂಜೆರ್ಸಿ
ಇಚಿರೊ ಅವರೇ ನಿಮ್ಮ ಮಾತು ಒಪ್ಪುವುದಿಲ್ಲ. ಆಡುತ್ತಿದ್ದ ಕಾಲದಲ್ಲೇ ಮತ್ತೆ ಮತ್ತೆ ಕೂಪರ್‌ಸ್ಟೌನ್ ಮ್ಯೂಸಿಯಂಗೆ ಹೋಗಿ ಹಳಬರ ಬ್ಯಾಟ್ ಕೈಯಲ್ಲಿ ಹಿಡಿದು ತೂಕ ನೋಡಿದವರು ಅವರು. ದಾಖಲೆ ಮಾಡಿದಾಗೆಲ್ಲ ತಮ್ಮ ಬ್ಯಾಟ್, ಶೂ, ಜೆರ್ಸಿ ಅಲ್ಲಿಗೆ ಕೊಟ್ಟರು. ಯಾರೋ ಕೂಡಿಟ್ಟಿದ್ದಕ್ಕೇ ತಾನೇ ಸಿಸ್ಲರ್ ಕಾಲದ ಬ್ಯಾಟ್ ಉಳಿದದ್ದು?

ಹುಬ್ಬಳ್ಳಿ_ಹುಡುಗ
ಮ್ಯೂಸಿಯಂನಲ್ಲಿ ಇರಲಿ, ಎಲ್ಲರೂ ನೋಡಲಿ. ಶ್ರೀಮಂತರ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಯಾಕೆ? ಹಳೇ ಕಾಲದ ದೊಡ್ಡ ಆಟಗಾರ ಬೇಬ್ ರೂತ್ 1932ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಆ ವರ್ಷದ ಫೈನಲ್ ಸರಣಿಯಲ್ಲಿ, ತೊಟ್ಟ ಜೆರ್ಸಿ 2024ರಲ್ಲಿ 2 ಕೋಟಿ 41 ಲಕ್ಷ ಡಾಲರ್‌ಗೆ ಹೋಯಿತು. ಅದನ್ನು ನಾನು ನೀವು ನೋಡಲು ಆಗುತ್ತಾ?

ಕಾಫಿತೋಟ
ಆ ಜೆರ್ಸಿಯ ಕಥೆ ಈ ಚರ್ಚೆಗೆ ಸರಿಯಾಗಿ ಹೊಂದುತ್ತದೆ. ಚಿಕಾಗೊದ ರಿಗ್ಲಿ ಫೀಲ್ಡ್, ಮೂರನೇ ಪಂದ್ಯ, ಅಕ್ಟೋಬರ್ 1. ರೂತ್ ಬೆರಳು ತೋರಿಸಿ "ಅಲ್ಲಿಗೆ ಹೊಡೆಯುತ್ತೇನೆ" ಅಂದರು, ಚಾರ್ಲಿ ರೂಟ್ ಹಾಕಿದ ಚೆಂಡನ್ನು ಹೊಡೆದೂಬಿಟ್ಟರು ಅನ್ನುತ್ತಾರೆ. ನಿಜವಾಗಿ ಹಾಗೆ ತೋರಿಸಿದ್ದರಾ ಅಂತ ಇವತ್ತಿಗೂ ಜಗಳ ಇದೆ. ರೂತ್ ಆ ಜೆರ್ಸಿಯನ್ನು ಫ್ಲೋರಿಡಾದಲ್ಲಿ ಜೊತೆಗೆ ಗಾಲ್ಫ್ ಆಡುತ್ತಿದ್ದ ಗೆಳೆಯನಿಗೆ ಕೊಟ್ಟಿದ್ದರು. 2005ರಲ್ಲಿ ಅದು 9,40,000 ಡಾಲರ್‌ಗೆ ಮಾರಾಟ ಆಗಿತ್ತು. ಆಮೇಲೆ ಎದೆಯ ಮೇಲಿನ "ನ್ಯೂಯಾರ್ಕ್" ಅಕ್ಷರಗಳು ಗುಂಡಿ, ಹೊಲಿಗೆಗಳ ಪಕ್ಕ ಹೇಗೆ ಕೂತಿವೆ ಅಂತ ಆ ದಿನದ ಫೋಟೋಗಳ ಜೊತೆ ಹೊಂದಿಸಿದರು. ಹೊಂದಿತು. ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಬಟ್ಟೆ ಅದೇ. ಸಾಕ್ಷಿ ಬಲವಾಯಿತು, ಅಷ್ಟೇ.

ನಾಗರಹೊಳೆ
ಶ್ರೀಮಂತರು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಪರವಾಗಿಲ್ಲ, ಕತ್ತರಿ ಹಾಕಿದವರನ್ನು ಏನನ್ನುತ್ತೀರಿ? 2003ರಲ್ಲಿ ಡಾನ್‌ರಸ್ ಅನ್ನುವ, ಆಟಗಾರರ ಚಿತ್ರದ ಕಾರ್ಡ್ ಮಾಡುವ ಕಂಪನಿ ರೂತ್ ತೊಟ್ಟ 1925ರ ಕಾಲದ ಜೆರ್ಸಿಯನ್ನು 2,64,210 ಡಾಲರ್ ಕೊಟ್ಟು ಕೊಂಡಿತು. ಚೂರು ಚೂರು ಕತ್ತರಿಸಿ ಒಂದೊಂದು ಚೂರನ್ನು ಒಂದೊಂದು ಕಾರ್ಡ್‌ಗೆ ಅಂಟಿಸಿತು. ಅದಕ್ಕೂ ಮುಂಚೆ 1999ರಲ್ಲಿ ಅಪ್ಪರ್ ಡೆಕ್‌ನವರು ರೂತ್ ಬ್ಯಾಟನ್ನೇ ಸೀಳಿದ್ದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಂಥ ವಸ್ತು ಮತ್ತೆ ಹುಟ್ಟುತ್ತಾ?

ಬಯಲುಸೀಮೆ_ಭಟ್ಟ
ನನ್ನ ಹತ್ತಿರ ಹಾಗೆ ಬ್ಯಾಟ್ ಚೂರು ಇರುವ ಕಾರ್ಡ್ ಒಂದಿದೆ. ರೂತ್‌ದಲ್ಲ, ಕೆನ್ ಗ್ರಿಫಿ ಜೂನಿಯರ್‌ದು. ಪೂರ್ತಿ ಬ್ಯಾಟ್ ಕೊಳ್ಳುವ ಶಕ್ತಿ ನನಗೆ ಯಾವತ್ತೂ ಬರುವುದಿಲ್ಲ. ಬೆರಳಿನ ಉಗುರಿನಷ್ಟು ಮರ, ಆದರೂ ಮುಟ್ಟಿದಾಗ ಸಂತೋಷ ಆಗುತ್ತದೆ. ಅದನ್ನು ತಪ್ಪು ಅಂತ ಹೇಗೆ ಹೇಳಲಿ?

ನಾಗರಹೊಳೆ
ಗ್ರಿಫಿ ಬ್ಯಾಟ್‌ಗಳು ಬೇಕಾದಷ್ಟಿವೆ ಭಟ್ರೇ, ಅದರ ಬಗ್ಗೆ ತಕರಾರಿಲ್ಲ. ಕೈಬೆರಳಲ್ಲಿ ಎಣಿಸುವಷ್ಟು ಉಳಿದ ವಸ್ತುವಿಗೆ ಕತ್ತರಿ ಹಾಕಬಾರದು ಅನ್ನುವುದು ನನ್ನ ಮಾತು.

ವಸುಧಾ_ನ್ಯೂಜೆರ್ಸಿ
ಮ್ಯೂಸಿಯಂನಲ್ಲಿ ಇದ್ದರೆ ಭದ್ರ ಅಂದುಕೊಳ್ಳಬೇಡಿ. ನಮ್ಮ ನ್ಯೂಜೆರ್ಸಿಯಲ್ಲೇ ಹಳೇ ಆಟಗಾರ ಯೋಗಿ ಬೆರ್ರಾ ಅವರ ಮ್ಯೂಸಿಯಂ ಇದೆ. 2014ರಲ್ಲಿ ಕಳ್ಳರು ನುಗ್ಗಿ ಅವರ ವರ್ಲ್ಡ್ ಸೀರೀಸ್ ಉಂಗುರಗಳನ್ನು ಕದ್ದರು. ಕದ್ದು ಮಾರಲಿಲ್ಲ, ಚಿನ್ನಕ್ಕಾಗಿ ಕರಗಿಸಿಬಿಟ್ಟರು. 2016ರಲ್ಲಿ ಫಾರ್ಗೊದ ರೋಜರ್ ಮ್ಯಾರಿಸ್ ಮ್ಯೂಸಿಯಂನಲ್ಲೂ ಕಳ್ಳತನ ಆಯಿತು. ಎರಡಕ್ಕೂ ಒಂದೇ ಗುಂಪು ಅಂತ 2023ರಲ್ಲಿ ಕೇಸ್ ಹಾಕಿದರು. ಬೆರ್ರಾ 10 ಸಲ ಚಾಂಪಿಯನ್ ಆದವರು. ಅದರ ಗುರುತೆಲ್ಲ ಒಲೆಗೆ ಹೋಯಿತು.

ಕರಾವಳಿ_ಎಕ್ಸ್‌ಪ್ರೆಸ್
ವಿಷಯಾಂತರ ಆಗುತ್ತದೆ, ಕ್ಷಮಿಸಿ. ನಮ್ಮ ಕ್ರಿಕೆಟ್‌ನಲ್ಲಿ ಯಾಕೆ ಇಂಥ ವ್ಯವಸ್ಥೆ ಇಲ್ಲ? ಧೋನಿ 2011ರ ಫೈನಲ್‌ನಲ್ಲಿ ಸಿಕ್ಸ್ ಹೊಡೆದ ಬ್ಯಾಟ್ ಲಂಡನ್‌ನಲ್ಲಿ 1,00,000 ಪೌಂಡ್‌ಗೆ ಹೋಗಿತ್ತು. 2024ರಲ್ಲಿ ನಮ್ಮ ಕೆ.ಎಲ್. ರಾಹುಲ್ ಮತ್ತು ಅತಿಯಾ ಶೆಟ್ಟಿ ಮಕ್ಕಳ ಸಹಾಯಕ್ಕೆ ಹರಾಜು ಮಾಡಿದಾಗ ಕೊಹ್ಲಿ ಜೆರ್ಸಿ 40 ಲಕ್ಷ ರೂಪಾಯಿ, ದ್ರಾವಿಡ್ ಬ್ಯಾಟ್ 11 ಲಕ್ಷ ಬಂತು. ಆಟಗಾರರೇ ಮುಂದೆ ನಿಂತು ಕೊಟ್ಟರೆ ಸರಿ. ಬೇರೆ ಹೊತ್ತಲ್ಲಿ ಯಾರು ಸಾಕ್ಷಿ?

ಎಡಗೈ_ಬೌಲರ್
ದ್ರಾವಿಡ್ ಬ್ಯಾಟ್ 11 ಲಕ್ಷ ಅಂದರೆ ಕಡಿಮೆ ಆಯಿತು. ತುಂಬಾ ಕಡಿಮೆ.

ಕರಾವಳಿ_ಎಕ್ಸ್‌ಪ್ರೆಸ್
ಹೌದಲ್ವಾ! ನನಗೂ ಹಾಗೇ ಅನ್ನಿಸಿತು.

ತುಂಗಾತೀರ
ಕ್ರಿಕೆಟ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಕ್ರಿಕೆಟ್‌ನಲ್ಲಿ ಗ್ಯಾಲರಿಗೆ ಹೋದ ಚೆಂಡು ವಾಪಸ್ ಬರಬೇಕು. ಇಲ್ಲಿ ಹಿಡಿದವರದೇ ಚೆಂಡು. ಹಾಗಾಗಿ ಸಾಮಾನ್ಯ ಮನುಷ್ಯನ ಕೈಗೂ ಇತಿಹಾಸ ಬಂದು ಬೀಳುತ್ತದೆ. 1961ರಲ್ಲಿ ರೋಜರ್ ಮ್ಯಾರಿಸ್ ಆ ಸೀಸನ್‌ನಲ್ಲಿ ಹೊಡೆದ ದಾಖಲೆಯ 61ನೇ ಹೋಂ ರನ್ ಹಿಡಿದದ್ದು ಸಾಲ್ ಡುರಾಂಟೆ ಅನ್ನುವ 19 ವರ್ಷದ ಹುಡುಗ. ಚೆಂಡನ್ನು ಮ್ಯಾರಿಸ್‌ಗೇ ಕೊಡಲು ಹೋದ. ಮ್ಯಾರಿಸ್ ಬೇಡ ಅಂದರು, ನೀನೇ ಇಟ್ಟುಕೊಂಡು ದುಡ್ಡು ಮಾಡಿಕೊ ಅಂದರು. ಹುಡುಗನಿಗೆ 5,000 ಡಾಲರ್ ಸಿಕ್ಕಿತು.

ಎಲ್ಲರಿಗೂ ಅಂಥ ಅದೃಷ್ಟ ಇರಲಿಲ್ಲ. ಹ್ಯಾಂಕ್ ಏರನ್ 1976ರಲ್ಲಿ ಮಿಲ್ವಾಕಿಯಲ್ಲಿ ಹೊಡೆದ ಕೊನೆಯ, ಅಂದರೆ 755ನೇ ಹೋಂ ರನ್ ಚೆಂಡು ಮೈದಾನದ ಕೆಲಸಗಾರನೊಬ್ಬನಿಗೆ ಸಿಕ್ಕಿತು. ಅದನ್ನು ಏರನ್ ಕೈಗೆ ತಾನೇ ಕೊಡಬೇಕು ಅನ್ನುವ ಆಸೆ ಅವನಿಗೆ. ಅವಕಾಶ ಕೊಡಲಿಲ್ಲ, ಅವನು ಚೆಂಡು ಬಿಡಲಿಲ್ಲ, ಕೆಲಸ ಹೋಯಿತು. 1999ರಲ್ಲಿ ಆ ಚೆಂಡು 6,50,000 ಡಾಲರ್‌ಗೆ ಮಾರಾಟ ಆಯಿತು.

ಹುಬ್ಬಳ್ಳಿ_ಹುಡುಗ
ಈ ಕಥೆ ಇಷ್ಟ ಆಯಿತು. ಕೆಲಸದಿಂದ ತೆಗೆದವರಿಗೆ ತಕ್ಕ ಉತ್ತರ.

ಮಂಡ್ಯ_ಮಂಜು
ಬ್ಯಾರಿ ಬಾಂಡ್ಸ್ ಒಂದೇ ಸೀಸನ್‌ನಲ್ಲಿ ಹೊಡೆದ 73ನೇ ಹೋಂ ರನ್ ಚೆಂಡಿನ ಕೇಸ್ ಮರೆತಿರಾ? 2001, ಸ್ಯಾನ್ ಫ್ರಾನ್ಸಿಸ್ಕೊ. ಅಲೆಕ್ಸ್ ಪೊಪೊವ್ ಗ್ಲೌಸ್‌ಗೆ ಚೆಂಡು ಬಿತ್ತು, ಜನ ಮೇಲೆ ಬಿದ್ದರು, ಕೊನೆಗೆ ಚೆಂಡು ಪ್ಯಾಟ್ರಿಕ್ ಹಯಾಶಿ ಕೈಯಲ್ಲಿತ್ತು. ಕೋರ್ಟ್‌ಗೆ ಹೋದರು. ಚೆಂಡು ಮಾರಿ ದುಡ್ಡು ಅರ್ಧ ಅರ್ಧ ಹಂಚಿಕೊಳ್ಳಿ ಅಂತ ಜಡ್ಜ್ ಅಂದರು. ಹತ್ತು ಲಕ್ಷ ಡಾಲರ್ ದಾಟುತ್ತದೆ ಅಂದುಕೊಂಡಿದ್ದ ಚೆಂಡಿಗೆ 2003ರಲ್ಲಿ ಬಂದದ್ದು 4,50,000. ಗೆದ್ದದ್ದು ವಕೀಲರು.

ಈ ಬೆಲೆಗಳನ್ನು ಹೂಡಿಕೆ ಅಂತ ನಂಬಲೇಬೇಡಿ. ಮಾರ್ಕ್ ಮೆಗ್ವಾಯರ್ 70ನೇ ಹೋಂ ರನ್ ಚೆಂಡು 1999ರಲ್ಲಿ 30 ಲಕ್ಷ ಡಾಲರ್‌ಗೆ ಹೋಯಿತು. ಬಾಂಡ್ಸ್ ಆ ದಾಖಲೆಯನ್ನೇ ಮುರಿದರು. ಆಮೇಲೆ 2010ರಲ್ಲಿ ಮೆಗ್ವಾಯರ್ ತಾವೇ ಸ್ಟೆರಾಯ್ಡ್ ತೆಗೆದುಕೊಂಡದ್ದನ್ನು ಒಪ್ಪಿಕೊಂಡರು. ಈಗ ಆ ದುಡ್ಡು ಯಾರು ಕೊಡುತ್ತಾರೆ?

ಕಾಫಿತೋಟ
ಇನ್ನೊಂದು ಕಡೆ ಒಹ್ತಾನಿ 50ನೇ ಹೋಂ ರನ್ ಚೆಂಡು 2024ರಲ್ಲಿ 43,92,000 ಡಾಲರ್ ತಂದಿತು, ಅದೂ ಚೆಂಡು ಯಾರದು ಅಂತ ಕೇಸ್ ನಡೆಯುತ್ತಿರುವಾಗಲೇ. ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಅಂತ ಹೇಳಲು ಆಗದು ನಿಜ. ಆದರೆ ಮಲೆನಾಡಿಗರು ಹೂಡಿಕೆ ಅಂತ ಕೇಳಲಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಬೇಕು ಅಂತ ಕೇಳಿದ್ದು.

ಮಂಡ್ಯ_ಮಂಜು
ಇಟ್ಟುಕೊಂಡರೂ ತೆರಿಗೆ ನೆನಪಿರಲಿ. ಅಮೆರಿಕದಲ್ಲಿ ಇಂಥ ಸಂಗ್ರಹದ ವಸ್ತು ಲಾಭಕ್ಕೆ ಮಾರಿದರೆ, ವರ್ಷದ ಮೇಲೆ ಇಟ್ಟುಕೊಂಡಿದ್ದರೂ ಫೆಡರಲ್ ತೆರಿಗೆ 28 ಶೇಕಡಾವರೆಗೆ ಬರಬಹುದು. ಶೇರಿಗಿಂತ ಜಾಸ್ತಿ.

ಮಲೆನಾಡಿಗ_ಸಿಯಾಟಲ್
ಮಾರುವವರಿಗೆ ಫೋನ್ ಮಾಡಿ ಎರಡು ವಿಷಯ ಕೇಳಿದೆ. ಪರಿಣತರಿಗೆ ಕಳಿಸಿ ಪರೀಕ್ಷೆ ಮಾಡಿಸೋಣ, ಖರ್ಚು ನನ್ನದು, ಸರಿ ಬಂದರೆ ಕೇಳಿದಷ್ಟೇ ಕೊಡುತ್ತೇನೆ ಅಂದೆ. ಬೇಡ ಅಂದರು. ಕ್ಲಬ್‌ಹೌಸ್‌ನವರ ಹೆಸರಾದರೂ ಹೇಳಿ ಅಂದೆ. "ಅವರಿಗೆ ತೊಂದರೆ ಆಗುತ್ತದೆ" ಅಂದರು. ಈ ವಾರ ಕೊಂಡರೆ 3,800ಕ್ಕೆ ಕೊಡುತ್ತಾರಂತೆ.

ಎಡಗೈ_ಬೌಲರ್
ಬೇಡ ಅಂದರಲ್ಲ, ಅದೇ ಉತ್ತರ.

ಕಾಫಿತೋಟ
ಈಗ ನಾನೂ ಎಡಗೈ ಪಕ್ಷ. ಹಾಲೊಗ್ರಾಂ ಇಲ್ಲದಿರುವುದು ದೊಡ್ಡ ವಿಷಯ ಅಲ್ಲ, ಪರೀಕ್ಷೆಗೆ ಒಪ್ಪದಿರುವುದು ದೊಡ್ಡ ವಿಷಯ. ಖರ್ಚು ನಿಮ್ಮದು ಅಂದ ಮೇಲೂ ಬೇಡ ಅನ್ನುವುದು ಯಾಕೆ? ಬೆಲೆ ಇಳಿಸಿ ಅವಸರ ಮಾಡುವುದು ಯಾಕೆ?

ತುಂಗಾತೀರ
ಬಿಟ್ಟುಬಿಡಿ. ಇಚಿರೊ 2025ರಲ್ಲಿ ಹಾಲ್ ಆಫ್ ಫೇಮ್‌ಗೆ (ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಹೋದರು. ಮತದಾನದಲ್ಲಿ 394ಕ್ಕೆ 393 ಬಂತು. ಮರಿನರ್ಸ್ ಕೂಡ ಅವರ ಗೌರವಕ್ಕೆ 51ನೇ ನಂಬರ್ ಜೆರ್ಸಿಯನ್ನು ನಿವೃತ್ತಿ ಮಾಡಿತು. ಇಂಥ ಹೊತ್ತಿನಲ್ಲಿ ಅಟ್ಟದಿಂದ ಎಷ್ಟೋ "ಇಚಿರೊ ಬ್ಯಾಟ್" ಕೆಳಗಿಳಿಯುತ್ತವೆ. ಕಾಯಿರಿ. ದುಡ್ಡು ಜೋಡಿಸಿ, ಫೋಟೋ ಮ್ಯಾಚ್ ಆದದ್ದನ್ನೇ ಹರಾಜಿನಲ್ಲಿ ಹಿಡಿಯಿರಿ.

ವಸುಧಾ_ನ್ಯೂಜೆರ್ಸಿ
ಅಲ್ಲಿಯವರೆಗೆ ಚೆಂಡಿನಿಂದ ಶುರು ಮಾಡಿ. ಸ್ಟೇಡಿಯಂನ ಅಂಗಡಿಯಲ್ಲಿ ಆಡಿದ ಚೆಂಡನ್ನು ಹಾಲೊಗ್ರಾಂ ಸಮೇತ ಮಾರುತ್ತಾರೆ. ದೊಡ್ಡ ಹೆಸರು ಬೇಡ, ನೀವೇ ಕೂತು ನೋಡಿದ ಪಂದ್ಯದ್ದು ಸಾಕು. ಕೈಯಲ್ಲಿ ಹಿಡಿದು ನೋಡಿ: ಪಳಪಳ ಬಿಳಿ ಇರುವುದಿಲ್ಲ, ಚರ್ಮ ಸ್ವಲ್ಪ ಕಂದು, ಹೊಳಪು ಇಲ್ಲ. ಪಂದ್ಯಕ್ಕೆ ಮುಂಚೆ ಪ್ರತಿ ಚೆಂಡಿಗೂ ಲೀನಾ ಬ್ಲ್ಯಾಕ್‌ಬರ್ನ್ ಕೆಸರು ತಿಕ್ಕುತ್ತಾರೆ. ನಮ್ಮ ನ್ಯೂಜೆರ್ಸಿ ಕಡೆ, ಡೆಲವೇರ್ ನದಿಯ ಒಂದು ಉಪನದಿಯಿಂದ ತೆಗೆದ ಕೆಸರು ಅದು. ಹೊಲಿಗೆಯ ಸಂದಿಯಲ್ಲಿ ಸಣ್ಣಗೆ ಕೂತಿರುತ್ತದೆ.

ಮಲೆನಾಡಿಗ_ಸಿಯಾಟಲ್
ಎಲ್ಲರಿಗೂ ಧನ್ಯವಾದ. ಬ್ಯಾಟ್ ಬೇಡ ಅಂತ ಹೇಳಿಬಿಟ್ಟೆ. ಮುಂದಿನ ಸೀಸನ್‌ನಲ್ಲಿ ಚೆಂಡು ನೋಡುತ್ತೇನೆ.

ಬಯಲುಸೀಮೆ_ಭಟ್ಟ
ಚೆಂಡಿನ ಮಾತು ಬಂತಲ್ಲ, ಒಂದು ಪ್ರಶ್ನೆ. ನಮ್ಮ ಪಕ್ಕದ ಮನೆಯ ಹಿರಿಯರು ಒಂದು ಚೆಂಡು ತೋರಿಸಿದರು. 1979ರಲ್ಲಿ ಯಾಂಕೀ ಸ್ಟೇಡಿಯಂನಲ್ಲಿ ತಾವೇ ಹಿಡಿದದ್ದು ಅನ್ನುತ್ತಾರೆ. ಸತ್ಯ ಹೇಗೆ ತಿಳಿಯುವುದು?

ತುಂಗಾತೀರ
ಮುದ್ರೆ ಓದಿ. 1999ರವರೆಗೆ ಅಮೆರಿಕನ್, ನ್ಯಾಷನಲ್ ಎರಡು ಲೀಗ್‌ಗೂ ಬೇರೆ ಬೇರೆ ಚೆಂಡು, ಅದರ ಮೇಲೆ ಆ ಲೀಗ್ ಅಧ್ಯಕ್ಷರ ಸಹಿಯ ಮುದ್ರೆ. 2000ದಿಂದ ಒಂದೇ ಚೆಂಡು, ಕಮಿಷನರ್ ಸಹಿ. ಯಾರ ಹೆಸರಿದೆ?

ಬಯಲುಸೀಮೆ_ಭಟ್ಟ
ಈಗಷ್ಟೇ ಹೋಗಿ ನೋಡಿ ಬಂದೆ. ರಾಲಿಂಗ್ಸ್, ಅಮೆರಿಕನ್ ಲೀಗ್, ಬಾಬಿ ಬ್ರೌನ್.

ತುಂಗಾತೀರ
ಹಾಗಾದರೆ 1979 ಅಲ್ಲ. ಬ್ರೌನ್ ಅಧ್ಯಕ್ಷರಾದದ್ದು 1984ರಲ್ಲಿ, 1994ರವರೆಗೆ ಇದ್ದರು. 1979ರದಾದರೆ ಲೀ ಮ್ಯಾಕ್‌ಫೇಲ್ ಹೆಸರಿರಬೇಕಿತ್ತು. ಚೆಂಡು ಪಂದ್ಯದ್ದೇ ಇರಬಹುದು, ಹಿರಿಯರಿಗೆ ವರ್ಷ ಮರೆತಿರಬಹುದು. ಹಳೇ ಟಿಕೆಟ್ ತುಂಡು ಏನಾದರೂ ಉಳಿಸಿಕೊಂಡಿದ್ದಾರಾ ಅಂತ ನಿಧಾನವಾಗಿ ಕೇಳಿ.